ಬೀಗರಿಗೆ ತೌಡು ಹಾಕಿದಿರೇನು?

ಹಂದಿ ಸಾಕಿದ ಮನೆಯಲ್ಲಿ ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಬೇಲಿ ಮುರಿದುಕೊಂಡು ಅಂಗಳಕ್ಕೆ ಬರುತ್ತದೆ. ಅದರಲ್ಲೂ "ಹಂದಿ" ಎಂಬ ಮಾತನ್ನೇ ಆಡಕೂಡದು ಎಂದು ಹಿರಿಯರ ಅಪ್ಪಣೆಯಾದ ಮನೆಯಲ್ಲಿ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ.

ನಮ್ಮದು ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಕಾಲುವೆ ನೀರುಂಡ ಒಂದು ಸಣ್ಣ ಊರು. ಮನೆಯ ಹಿಂದೆ ಹೊಲ, ಹೊಲದ ಅಂಚಿಗೆ ತಗಡಿನ ಶೆಡ್ಡು, ಶೆಡ್ಡಿನೊಳಗೆ ನಾಲ್ಕಾರು ತಾಯಿ ಹಂದಿ, ಒಂದು ಗಂಡು, ಲೆಕ್ಕಕ್ಕೆ ಸಿಗದ ಮರಿಗಳು. ಮನೆಯೊಳಗೆ ನಾನು, ನನ್ನ ಗಂಡ, ಅತ್ತೆ ಮತ್ತು ನಾದಿನಿ. ಅತ್ತೆ ಈಗಿಲ್ಲ. ಅವರನ್ನು ನೆನೆದರೆ ನನಗೆ ಕಣ್ಣಲ್ಲಿ ನೀರು ಬರಬೇಕು, ಅದಕ್ಕೂ ಮೊದಲು ನಗು ಬಂದುಬಿಡುತ್ತದೆ. ಆ ನಗು ಮುಗಿದ ಮೇಲೆ ಅಳು ಬರುವುದೂ ಖರೆ.

ಹೆಸರಿಟ್ಟ ದಿನ

ನಾನು ಸೊಸೆಯಾಗಿ ಬಂದಾಗ ಈ ಮನೆಯಲ್ಲಿ ಎರಡು ಎಮ್ಮೆ ಬಿಟ್ಟರೆ ಬೇರೆ ಪ್ರಾಣಿ ಇರಲಿಲ್ಲ. ನನ್ನ ಗಂಡ ಎಲ್ಲೋ ತರಬೇತಿಗೆ ಹೋಗಿ ಬಂದವರು ಬಿಳಿ ತಳಿಯ ಹಂದಿ ಸಾಕುತ್ತೇನೆಂದು ಹಟ ಹಿಡಿದರು. ಶೆಡ್ಡು ಎದ್ದಿತು, ಹಂದಿ ಬಂದವು. ಅವುಗಳ ಹೊಟ್ಟೆ, ಹೆರಿಗೆ, ಜ್ವರ, ಜಂತು ಎಲ್ಲವನ್ನೂ ನೋಡಿಕೊಳ್ಳುವ ಕೆಲಸ ಮಾತ್ರ ಇವರ ತಂಗಿಯ, ಅಂದರೆ ನನ್ನ ನಾದಿನಿಯ ಪಾಲಿಗೆ ಬಂತು. ಅವಳಿಗೂ ಅದು ಇಷ್ಟವೇ. ಹಂದಿಯ ಮೈ ಉಜ್ಜುವಾಗ ಅವಳು ಹಾಡಿಕೊಳ್ಳುತ್ತಿದ್ದಳು.

ಆ ವರ್ಷವೇ ಅವಳಿಗೆ ಗಂಡು ನೋಡಲು ಶುರುಮಾಡಿದೆವು. ಮೊದಲು ಬಂದವರಿಗೆ ಹುಡುಗಿ ಹಿಡಿಸಿದಳು, ಚುರುಮುರಿ ಸುಸಲಾ ಹಿಡಿಸಿತು, ಚಹ ಹಿಡಿಸಿತು. ಅವರು ಎದ್ದು ಚಪ್ಪಲಿ ಮೆಟ್ಟುವ ಹೊತ್ತಿಗೆ ನನ್ನ ಗಂಡ ಎದೆಯುಬ್ಬಿಸಿ, "ಹಿಂಗ್ಯಾಕ ಹೊಂಟ್ರಿ? ನಮ್ಮ ಹಂದಿ ನೋಡಿ ಹೋಗ್ರಿ, ಮರಿ ಹಾಕ್ಯಾವ" ಎಂದರು. ಬಂದವರು ಶೆಡ್ಡಿನ ಕಡೆ ಹೋಗಲಿಲ್ಲ, ಸೀದಾ ಬಸ್ಸಿನ ಕಡೆ ಹೋದರು. ಆಮೇಲೆ ಹೇಳಿಕಳಿಸಿದರು: ಹುಡುಗಿ ಛಲೋ ಅದಾಳ, ಆದ್ರ ನಮಗ ಆಗಿಬರಂಗಿಲ್ಲ. ಎರಡನೆಯವರು ಊರ ಬಾಗಿಲಲ್ಲೇ, ಅಗಸಿಯಲ್ಲೇ ಸುದ್ದಿ ಕೇಳಿ, ಮನೆಯತನಕವೂ ಬರಲಿಲ್ಲ.

ಅತ್ತೆ ಅಂದು ಒಲೆ ಹಚ್ಚಲಿಲ್ಲ. ಸಂಜೆ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿದರು. "ನನ್ನ ಮಗಳ ಮದಿವಿ ಗಟ್ಟಿ ಆಗೋತನಕ ಆ ಮಾತು ಈ ಮನ್ಯಾಗ ಯಾರ ಬಾಯಾಗೂ ಬರಬಾರ್ದು. ಕೇಳಿಸ್ತ?"

"ಹಂಗಾರ ಅವ್ಕ ಏನನ್ನೋದವ್ವಾ? ಮಾಲು ಅನ್ಲೇನು?" ಎಂದರು ನನ್ನ ಗಂಡ.

"ಮಾಲು ಅಂದ್ರ ಮಂದಿ ಬಾಟ್ಲಿ ಕೇಳ್ಕೋತ ಬರ್ತಾರ."

"ಕುರಿ ಅನ್ಲೇನು?"

"ಕುರಿ ಅಂದ್ರ ಹಬ್ಬಕ್ಕ ಪಾಲು ಕೇಳ್ತಾರ."

ಕೊನೆಗೆ ಅತ್ತೆ ತಾವೇ ತೀರ್ಪು ಕೊಟ್ಟರು. "ಹೊತ್ತಿಗೆ ಸರಿಯಾಗಿ ಹಾಕ್ಬೇಕು, ಒಂದೀಟು ತಡ ಆದ್ರ ಚೀರ್ತಾವ. ಎಷ್ಟು ಮಾಡಿದ್ರೂ ಸಮಾಧಾನ ಇಲ್ಲ, ಮತ್ತ ಬೇಕಂತಾವ. ಬೀಗರು ಅನ್ರಿ."

ಅಂದು ನಮ್ಮ ತವರಿನಿಂದ ನನ್ನ ಅವ್ವ ಬಂದು ಅಲ್ಲೇ ಮೂಲೆಯಲ್ಲಿ ಕೂತಿದ್ದಳು. ಮತ್ತೊಂದು ಕಪ್ ಚಹಕ್ಕೆ ಚಾಚಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.

ಬಸ್ಸಿನೊಳಗೆ

ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ತಗಡಿನ ಮೇಲೆ ರೊಟ್ಟಿ ಬೇಯಿಸಬಹುದು. ಹಂದಿಗೆ ಬೆವರು ಬರುವುದಿಲ್ಲ, ಮೈ ತಣ್ಣಗೆ ಮಾಡದಿದ್ದರೆ ಬಿದ್ದೇ ಹೋಗುತ್ತದೆ. ಅಂಥ ಒಂದು ಮಧ್ಯಾಹ್ನ ನಾನೂ ನನ್ನ ಗಂಡನೂ ಶಹಾಪುರದ ಅಕ್ಕಿ ಗಿರಣಿಯಿಂದ ತೌಡಿನ ಚೀಲ ಹೇರಿಕೊಂಡು ಬಸ್ಸಿನಲ್ಲಿ ಬರುತ್ತಿದ್ದೆವು. ನಾದಿನಿಯ ಫೋನು ಬಂತು. ಫೋನಿನಲ್ಲಿ ಇವರು ಮಾತಾಡಿದರೆ ಫೋನೇ ಬೇಕಾಗಿಲ್ಲ, ಅಷ್ಟು ದನಿ.

"ಹಲೋ! ಬೀಗರು ಹ್ಯಾಂಗದಾರ? ಏನು, ಬಾಯಿ ತಕ್ಕೊಂಡು ತೇಕಾಕತ್ತಾರ? ಫಿಕರ್ ಮಾಡಬ್ಯಾಡ. ಪೈಪ್ ಹಚ್ಚಿ ಮೈತುಂಬ ನೀರ ಹೊಡಿ... ಕೆಸರಿನಾಗ ಹೊಳ್ಳಾಡಾಕ ಬಿಡು... ದೊಡ್ಡ ಬೀಗತಿ ಏಳವಲ್ಲಳಾ? ಕಿವಿ ಹಿಡದು ಎಬ್ಬಸು!"

ಕಂಡಕ್ಟರು ಚಿಲ್ಲರೆ ಹಿಡಿದುಕೊಂಡೇ ನಿಂತ. ಮುಂದಿನ ಸೀಟಿನ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಕಣ್ಣಲ್ಲಿ ಕನಿಕರವಿತ್ತು, ಏಕೆಂದರೆ ಇವರ ಬೀಗರು ಎಂದರೆ ನನ್ನ ತವರಿನವರೇ ತಾನೆ.

ನಮ್ಮ ಹಿಂದೆ ರುಮಾಲು ಸುತ್ತಿದ ಒಬ್ಬ ಹಿರಿಯರು ಕೂತಿದ್ದರು. ಅವರು ಮುಂದೆ ಬಾಗಿ ಇವರ ಹೆಗಲ ಮೇಲೆ ಕೈಯಿಟ್ಟರು. ಬೈಯುತ್ತಾರೆ ಎಂದುಕೊಂಡು ನಾನು ಸೆರಗು ಮುಖಕ್ಕೆ ಎಳೆದುಕೊಂಡೆ.

"ತಮ್ಮಾ," ಎಂದರು ಅವರು, "ನನ್ನ ಬೀಗರಿಗೂ ಹಿಂಗ ಮಾಡ್ಬೇಕಂತ ಭಾಳ ವರ್ಷದಿಂದ ಮನಸ್ಸದ. ಧೈರ್ಯ ಸಾಲವಲ್ದು. ನಿಂದು ಯಾವ ಊರಪ್ಪ?"

ಎದೆಯಳತೆ

ಹಂದಿಯ ತೂಕ ನೋಡುವ ಕಾಟಾ ನಮ್ಮಲ್ಲಿ ಇರಲಿಲ್ಲ. ಎದೆಯ ಸುತ್ತಳತೆ, ಮೈಯ ಉದ್ದ ಎರಡನ್ನೂ ಟೇಪಿನಿಂದ ಅಳೆದರೆ ತೂಕ ಅಂದಾಜು ಸಿಗುತ್ತದೆ ಎಂದು ದನದ ಡಾಕ್ಟರು ಹೇಳಿದ್ದರು. ಮೇವು ಮೈಗೆ ಹತ್ತುತ್ತಿದೆಯೋ ಇಲ್ಲವೋ ತಿಳಿಯಲು ಅದೊಂದೇ ದಾರಿ. ಊರಿನ ಟೇಲರ್ ಹತ್ತಿರ ಟೇಪು ಕೇಳಲು ನಾನು ಹೋದೆ.

"ಟೇಪು ಯಾಕ್ರೀ ಅಕ್ಕಾ?"

"ಬೀಗತಿ ಎದಿ ಅಳತಿ ತಗೋಬೇಕಾಗ್ಯದ," ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ.

ಟೇಲರ್‌ಗೆ ಖುಷಿಯಾಯಿತು. ಬೀಗತಿಗೆ ಬಟ್ಟೆಯ ಉಡುಗೊರೆ, ಆಯೇರಿ ಮಾಡುತ್ತಾರೆ, ಜಂಪರ್ ಹೊಲಿಯುವ ಕೆಲಸ ಬಂತು ಎಂದುಕೊಂಡ. ಟೇಪು ಕೊಟ್ಟು, "ಅಳತಿ ತಗೊಂಡು ಬರ್ರಿ, ಹಬ್ಬದ ಒಳಗ ಹೊಲದು ಕೊಡ್ತೀನಿ" ಎಂದ. ನಾನು ಸಂಜೆ ಟೇಪು ಮರಳಿ ಕೊಡಲು ಹೋದಾಗ, ಹಲಗೆಯ ಮೇಲೆ ಸೀಮೆಸುಣ್ಣದ ತುಂಡು ಹಿಡಿದು ಸಜ್ಜಾಗಿಯೇ ಕೂತಿದ್ದ.

"ಎದಿ ಎಷ್ಟ್ರಿ?"

ಈಗ ಇಲ್ಲ ಎನ್ನುವ ಹಾಗಿರಲಿಲ್ಲ. "ಐವತ್ತೈದು ಇಂಚು," ಎಂದೆ.

ಅವನು ಸುಣ್ಣದ ತುಂಡು ಕೆಳಗಿಟ್ಟ. ಆಮೇಲೆ ಮರ್ಯಾದೆಯಿಂದಲೇ ಹೇಳಿದ: "ಅಕ್ಕಾ, ಇದು ನನ್ನ ಮಿಷನ್ನಿಗೆ ಆಗಂಗಿಲ್ಲ. ಶಹಾಪುರದಾಗ ಲಾರಿ ತಾಡಪತ್ರಿ ಹೊಲಿಯೋ ಅಂಗಡಿ ಅದ, ಅಲ್ಲಿ ಕೇಳ್ರಿ."

ಅಳಿಯನ ಮುನಿಸು

ಒಂದೇ ಗಂಡು ಹಂದಿಯನ್ನು ಬಹಳ ವರ್ಷ ಇಟ್ಟುಕೊಳ್ಳಬಾರದು, ಅದರ ಮಕ್ಕಳೇ ದೊಡ್ಡವಾಗಿ ಮರಿ ಹಾಕುವ ಹೊತ್ತಿಗೆ ಹೊಸ ಗಂಡು ಬೇಕು. ಆದ್ದರಿಂದ ಯಾದಗಿರಿಯ ಆಚೆಯ ಒಂದು ಫಾರ್ಮಿನಿಂದ ಟೆಂಪೋದಲ್ಲಿ ಹೊಸ ಗಂಡು ತಂದೆವು. ಹೆಣ್ಣುಗಳು ಬೀಗತಿಯರಾದ ಮೇಲೆ ಇದಕ್ಕೇನು ಹೆಸರು? ಮನೆಗೆ ಹೊಸದಾಗಿ ಬಂದ ಗಂಡು, ಅಳಿಯ ಎಂದೇ ಆಯಿತು.

ಅಳಿಯ ಬಂದವನು ಉಣ್ಣಲಿಲ್ಲ. ಹೆಣ್ಣುಗಳ ಕಡೆ ಬೆನ್ನು ಮಾಡಿ ಗೋಡೆ ನೋಡುತ್ತ ಮಲಗಿದ. ನನ್ನ ಗಂಡನಿಗೆ ಗಾಬರಿ. ಅತ್ತೆಗೆ ಗಾಬರಿಯೇನೂ ಇಲ್ಲ.

"ಹೊಸ ಅಳಿಯ ಅಂದಮ್ಯಾಲ ಹಿಂಗೇ ಇರ್ತಾನ. ನಿಮ್ಮಪ್ಪ ನಮ್ಮ ತವರಿಗೆ ಬಂದಾಗ ಎಂಟು ದಿನ ಮಾತಾಡಿದ್ದಿಲ್ಲ. ಮಾನ ಮಾಡ್ಬೇಕು." ಹೀಗೆಂದು ತೌಡಿನಲ್ಲಿ ಬೆಲ್ಲ ಕಲಸಿಕೊಂಡು ತಾವೇ ಶೆಡ್ಡಿಗೆ ಹೊರಟರು. ಬಾಗಿಲ ಹತ್ತಿರ ಹೋಗುತ್ತಲೇ ಅವರ ಕೈ ತಾನಾಗಿ ಮೇಲೆದ್ದು ಸೆರಗು ತಲೆಯ ಮೇಲೆ ಬಂತು. ಅಳಿಯನ ಮುಂದೆ ಬರಿದಲೆಯಲ್ಲಿ ನಿಲ್ಲುವುದುಂಟೆ? ತೊಟ್ಟಿಯಲ್ಲಿ ತೌಡು ಸುರಿದು, ಮುಖ ಆ ಕಡೆ ತಿರುಗಿಸಿ, "ಉಣ್ಣಂತ ಅವಂಗ ಹೇಳವ್ವಾ" ಎಂದು ನನಗೆ ಹೇಳಿದರು. ಅಳಿಯನ ಜೊತೆ ಅವರು ನೇರವಾಗಿ ಮಾತಾಡುವಂತಿರಲಿಲ್ಲ.

ಡಾಕ್ಟರು ಬಂದು ನೋಡಿದರು. ತೆಲುಗು ಸೀಮೆಯವರು, ಶಹಾಪುರದಲ್ಲಿ ಹೊಸದಾಗಿ ಪಶುಚಿಕಿತ್ಸೆ ಶುರುಮಾಡಿದ್ದವರು. ಕನ್ನಡವನ್ನು ನಮ್ಮಂಥವರ ಕೊಟ್ಟಿಗೆಗಳಲ್ಲೇ ಕಲಿಯುತ್ತಿದ್ದರು. "ಟೆಂಪೋ ಸುಸ್ತು, ಅಷ್ಟೇ. ಎದುರು ಖೋಲಿಯಲ್ಲಿ ಇಡಿ. ದೂರದಿಂದ ನೋಡಲಿ, ವಾಸನೆ ತಿಳಿಯಲಿ. ಆಮೇಲೆ ಜೊತೆ ಬಿಡಿ" ಎಂದರು.

ಅತ್ತೆ ನನ್ನ ಕಡೆ ತಿರುಗಿ ಪಿಸುಗುಟ್ಟಿದರು: "ನೋಡು, ಹಂದ್... ಬೀಗರೊಳಗೂ ಮೊದಲು ನೋಡೋ ಶಾಸ್ತ್ರ ಅದ. ಅವ್ರು ಸಂಬಂಧ ಬ್ಯಾಡ ಅಂತ ಹೇಳಿಕಳಸಂಗಿಲ್ಲ, ಅಷ್ಟೇ ಫರಕು."

ಕುಲಾವಿ

ಚಳಿಗಾಲದಲ್ಲಿ ದೊಡ್ಡ ಬೀಗತಿ ಈದಳು. ಮರಿಗಳಲ್ಲಿ ಒಂದು ಬಹಳ ಸಣ್ಣದು, ಉಳಿದವುಗಳ ನೂಕಾಟದಲ್ಲಿ ಮೊಲೆ ಸಿಗದೆ ನಡುಗುತ್ತಿತ್ತು. ನಾದಿನಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಸೀದಾ ಅಡುಗೆಮನೆಗೆ ತಂದು ಒಲೆಯ ಹತ್ತಿರ ಬುಟ್ಟಿಯಲ್ಲಿಟ್ಟಳು. ಅತ್ತೆ ಏನನ್ನುತ್ತಾರೋ ಎಂದು ನಾನು ಬುಟ್ಟಿಗೆ ಅಡ್ಡ ನಿಂತೆ. ಅವರು ಇಣುಕಿ ನೋಡಿ, "ಮಾತು ಒಳಗ ಬರಬಾರ್ದು ಅಂದಿದ್ದೆ, ಕೂಸು ಬರಬಾರ್ದು ಅಂದಿದ್ದಿಲ್ಲ" ಎಂದು ಹಾಲು ಕಾಯಿಸಲು ಇಟ್ಟರು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಹೆಪ್ಪು ಕೇಳಲು ಬಂದಳು. ಒಳಗಿನಿಂದ ಕುಂಯ್ ಕುಂಯ್ ಸದ್ದು. "ಏನದು?" ಎಂದಳು. ಅತ್ತೆ ತಡವರಿಸಲಿಲ್ಲ, "ಕೂಸು" ಎಂದರು. ಹೆಪ್ಪು ಕೊಟ್ಟು ಬಾಗಿಲು ಮುಂದೆ ಮಾಡಿದರು.

ಮರುದಿನ ಆಕೆ ಕೂಸಿನ ತಲೆಗೆಂದು ಬಣ್ಣಬಣ್ಣದ ಒಂದು ಕುಲಾವಿ ತಂದು ಕೊಟ್ಟಳು. ಕೊಟ್ಟು ನನ್ನ ಹೊಟ್ಟೆ ನೋಡಿದಳು. ಆಮೇಲೆ ನಾದಿನಿಯ ಹೊಟ್ಟೆಯನ್ನೂ ನೋಡಿದಳು. ಅತ್ತೆಗೆ ಅವಳು ಹೋದ ಮೇಲೆ ತಿಳಿಯಿತು. ಮನೆಯಲ್ಲೊಂದು ಕೂಸು ಅಳುತ್ತಿದೆ, ಸೊಸೆ ಬಸುರಿಯಾಗಿರಲಿಲ್ಲ, ಮದುವೆಯಾಗದ ಮಗಳೊಬ್ಬಳು ಇದ್ದಾಳೆ. ಸಂಜೆಯೊಳಗೆ ಇದು ಅಗಸಿ ದಾಟುತ್ತದೆ. ಹಂದಿಯಿಂದ ಎರಡು ಸಂಬಂಧ ಹೋಗಿದ್ದವು, ಈ ಸುದ್ದಿಗೆ ಇನ್ನು ಬರುವವೂ ಹೋಗುತ್ತಿದ್ದವು.

ಅತ್ತೆ ತಡಮಾಡದೆ ಮರಿಗೆ ಅದೇ ಕುಲಾವಿ ಕಟ್ಟಿ, ಕಂಕುಳಲ್ಲಿ ಎತ್ತಿಕೊಂಡು ಪಕ್ಕದ ಮನೆಗೆ ನಡೆದರು. ಕಟ್ಟೆಯ ಮೇಲೆ ಹೆಂಗಸರೆಲ್ಲ ಕೂಡಿದ್ದರು. ಆಗಲೂ ಆ ಮಾತು ಆಡಲಿಲ್ಲ ನೋಡಿ ನಮ್ಮತ್ತೆ! ಕುಲಾವಿಯನ್ನು ಮೆಲ್ಲಗೆ ಹಿಂದೆ ಸರಿಸಿ, ಮರಿಯ ಮೂತಿ ಎಲ್ಲರಿಗೂ ತೋರಿಸಿದರು.

ಪಕ್ಕದ ಮನೆಯಾಕೆ ಬಗ್ಗಿ ಮೂತಿ ನೋಡಿದಳು. "ಯವ್ವಾ," ಎಂದಳು, "ಮೂಗು ಮಾತ್ರ ನಿಮ್ಮ ಮನಿತನದ್ದೇ."

ಡಾಕ್ಟರು ಕಲಿತ ಕನ್ನಡ

ಕೊನೆಗೆ ಯಾದಗಿರಿ ಹತ್ತಿರದಿಂದ ಒಂದು ಸಂಬಂಧ ಬಂತು. ಹುಡುಗ ಟ್ರ್ಯಾಕ್ಟರ್ ರಿಪೇರಿ ಕಲಿತವನು. ಹುಡುಗ, ಅವನ ತಂದೆ, ತಾಯಿ ಮೂವರೂ ಬರುವವರಿದ್ದರು. ಅತ್ತೆ ಬೆಳಗಿನಿಂದ ಊದಿನಕಡ್ಡಿ ಹಚ್ಚಿ ಹಚ್ಚಿ ಇಟ್ಟು, ಶೆಡ್ಡಿನ ಕಡೆಯ ಕಿಟಕಿ ಮುಚ್ಚಿಸಿದರು. ನನ್ನ ಗಂಡನಿಂದ ಆಣೆ ಹಾಕಿಸಿಕೊಂಡರು. ನಾದಿನಿ ಮಾತ್ರ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ಹೇಳಿದಳು, "ವೈನಿ, ಮುಚ್ಚಿಟ್ಟು ಕೊಟ್ರ ನಾ ಅಲ್ಲಿ ದಿನಾ ಅಂಜಿಕೊಂಡೇ ಬಾಳೇವು ಮಾಡ್ಬೇಕು. ಇದ್ದದ್ದು ಹೇಳಿ ಬಿಡ್ರಿ." ನಾನು ಅತ್ತೆಯ ಕಡೆ ನೋಡಿದೆ. "ಮೊದಲು ತಾಳಿ ಬೀಳ್ಲಿ," ಎಂದರು ಅವರು, "ಆಮ್ಯಾಲ ಹೇಳೋಣ."

ಬಂದವರು ಕೂತರು, ಮಾತು ಸುಗಮವಾಗಿ ನಡೆಯಿತು. ಇನ್ನೇನು ಎಲೆಅಡಿಕೆ ತಟ್ಟೆ ಮುಂದಿಡಬೇಕು, ಹೊರಗೆ ಮೋಟರ್‌ಸೈಕಲ್ ನಿಂತಿತು. ನಮ್ಮ ಡಾಕ್ಟರು! ಲಸಿಕೆ ಹಾಕುವ ದಿನವೆಂಬುದೇ ಗದ್ದಲದಲ್ಲಿ ಮರೆತುಹೋಗಿತ್ತು. ಅವರು ಹೊಸ್ತಿಲಲ್ಲಿ ನಿಂತು, "ನಮಸ್ಕಾರ. ಬೀಗರಿಗೆ ಜಂತಿನ ಔಷಧಿ ಆಯಿತಾ? ಇವತ್ತು ಸೂಜಿ ಹಾಕೋಣ" ಎಂದರು.

ಹುಡುಗನ ತಾಯಿ ಎತ್ತಿದ ಚಹದ ಕಪ್ ಬಾಯಿಯ ಹತ್ತಿರವೇ ನಿಂತಿತು. ಹೇಗಾದರೂ ಡಾಕ್ಟರ ಬಾಯಿ ಮುಚ್ಚಿಸಬೇಕೆಂದು ಅತ್ತೆ ಗಡಿಬಿಡಿಯಲ್ಲಿ, "ಡಾಕ್ಟ್ರೇ, ಇವ್ರು ಯಾದಗಿರಿ ಕಡಿಯವ್ರು. ನಮ್ಮ ಬೀಗರಾಗೋರು" ಎಂದು ಪರಿಚಯ ಮಾಡಿಸಿದರು.

ಡಾಕ್ಟರ ಮುಖ ಕೆಂಪಗಾಯಿತು. "ಛೆ ಛೆ, ಅಮ್ಮಾ! ಮನೆಗೆ ಬಂದ ದೊಡ್ಡವರಿಗೆ ಹಾಗೆ ಬೈಯಬಾರದು!"

ಪಾಪ, ಅವರ ತಪ್ಪಲ್ಲ. ಅವರು ಬಂದಾಗಲೆಲ್ಲ ನಾವು ಹಂದಿಯ ಕಡೆ ಬೆರಳು ಮಾಡಿ ಬೀಗರು, ಬೀಗರು ಎಂದೇ ಹೇಳುತ್ತಿದ್ದೆವು. ನಮ್ಮ ಕಡೆಯ ಕನ್ನಡದಲ್ಲಿ ಹಂದಿಗೆ ಹಾಗನ್ನುತ್ತಾರೆ ಎಂದೇ ಆ ಮನುಷ್ಯ ಕಲಿತುಬಿಟ್ಟಿದ್ದರು. ಈಗ ಹುಡುಗನ ತಂದೆಗೆ ಕೈಮುಗಿದು, "ಕ್ಷಮಿಸಿ ಸಾರ್, ನೀವು ಬೀಗರ ಹಾಗೆ ಇಲ್ಲವೇ ಇಲ್ಲ. ಬೀಗರಿಗೆ ಬಾಲ ಇರುತ್ತೆ" ಎಂದರು.

ಅತ್ತೆ ಗೋಡೆಗೆ ಒರಗಿದರು. ಆಗ ನಾದಿನಿ ಒಳಗಿನಿಂದ ಬಂದಳು. ಸೆರಗು ಸರಿಮಾಡಿಕೊಂಡು, ಯಾರ ಮುಖವನ್ನೂ ತಪ್ಪಿಸದೆ ಹೇಳಿದಳು. "ನಮ್ಮ ಮನ್ಯಾಗ ಹಂದಿ ಅದಾವ್ರಿ. ನಾನೇ ನೋಡ್ಕೋತೀನಿ. ನನ್ನ ಮದಿವಿ ತಪ್ತದಂತ ಅಂಜಿ ನಮ್ಮವ್ವ ಅವ್ಕ ಬೀಗರು ಅನ್ನಾಕ ಹಚ್ಚಿದ್ಳು. ನಿಮಗ ಬ್ಯಾಡಾದ್ರ ಬ್ಯಾಡ್ರಿ, ಚಾ ಮಾತ್ರ ಕುಡದು ಹೋಗ್ರಿ, ಆರತದ."

ಇಷ್ಟು ಹೇಳಿ ಅವಳು ಸುಸಲಾದ ತಟ್ಟೆಯನ್ನೂ ಅವರ ಮುಂದೆ ಸರಿಸಿದಳು.

ಹುಡುಗನ ತಾಯಿ ನಿಧಾನವಾಗಿ ಕೇಳಿದರು, "ಬೀಗರು ಅಂತ ಯಾಕ್ರಿ? ಬ್ಯಾರೆ ಹೆಸರು ಸಿಗಲಿಲ್ಲೇನು?"

ಅತ್ತೆ ಬಾಯಿ ತೆರೆಯುವ ಮೊದಲೇ, ಎಲ್ಲಿ ಸುಮ್ಮನಿರಬೇಕೆಂದು ತಿಳಿಯದ ನನ್ನ ಗಂಡ ಹೇಳಿಬಿಟ್ಟರು. "ಹೊತ್ತಿಗೆ ಹಾಕದಿದ್ರ ಚೀರ್ತಾವಲ್ರಿ, ಅದಕ್ಕ."

ಹುಡುಗನ ತಂದೆ ನಕ್ಕರು ನೋಡಿ, ಕುಡಿದ ಚಹ ಮೂಗಿನಿಂದ ಬಂತು. ತಾಯಿ ನಗಲಿಲ್ಲ. ಎದ್ದು, "ತೋರಸ್ರಿ" ಎಂದರು. ಎಲ್ಲರೂ ಅವರ ಹಿಂದೆ ಶೆಡ್ಡಿಗೆ ಹೋದೆವು. ನಾದಿನಿ ಒಳಗೆ ಹೋಗಿ ಬೆನ್ನು ಸವರಿದ ಕೂಡಲೇ ದೊಡ್ಡ ಹಂದಿ ಅವಳ ಕಾಲ ಬಳಿ ಅಡ್ಡಾಯಿತು, ಮರಿಗಳು ಸಾಲಾಗಿ ಮೊಲೆಗೆ ಬಿದ್ದವು. ಹುಡುಗನ ತಾಯಿ ಬಾಗಿ ನೋಡಿದರು. ಕೊನೆಗೆ ಅತ್ತೆಯ ಕಡೆ ತಿರುಗಿ ಹೇಳಿದರು: "ಹುಡುಗಿ ಸುಳ್ಳು ಹೇಳಂಗಿಲ್ಲ. ನನಗ ಅಷ್ಟು ಸಾಕು. ಆದ್ರ ನಂದೊಂದು ಕರಾರದ. ಒಂದು ಹೆಸರಿನಾಗ ಎರಡು ಮಂದಿ ಇರಾಕಾಗಂಗಿಲ್ಲ. ಬೀಗರು ಅಂದ್ರ ಇನ್ನ ನಾವು. ಅವ್ಕ ಹಂದಿ ಅನ್ರಿ. ನೀವು ಅನ್ರಿ, ನಾ ಕೇಳ್ಬೇಕು."

ಅತ್ತೆ ಸೆರಗನ್ನು ಬಾಯಿಗೆ ಹಿಡಿದು ಎಲ್ಲರ ಮುಂದೆ "ಹಂದಿ" ಎಂದರು. ಅಂದವರೇ ಮಗಳನ್ನು ತಬ್ಬಿಕೊಂಡು ಗಳಗಳ ಅತ್ತರು. ಡಾಕ್ಟರು ಮಾತ್ರ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಹಾಗಾದರೆ ಅಳಿಯ ಅಂದರೆ ಏನು?"

ಮದುವೆ ಊಟ

ಮದುವೆ ನಮ್ಮ ಅಂಗಳದಲ್ಲೇ ಆಯಿತು. ತಾಳಿ ಬಿತ್ತು, ಅಕ್ಷತೆ ಬಿತ್ತು. ನಮ್ಮ ಕಡೆ ಬೀಗರ ಪಂಕ್ತಿಯ ಊಟ ಸರಿಯಾಗಿ ಆದರೇನೇ ಮದುವೆ ಆದಂತೆ. ಅಲ್ಲಿ ಹೆಚ್ಚುಕಡಿಮೆಯಾದರೆ ಅಕ್ಷತೆ ಬಿದ್ದ ಮೇಲೂ ಜಗಳವಾಗಿ ಹುಡುಗಿಯನ್ನು ಬಿಟ್ಟುಹೋದವರುಂಟು. ಅತ್ತೆಗೆ ಅದೊಂದೇ ಅಂಜಿಕೆ. ಗಂಡಿನವರನ್ನು ಸಾಲಾಗಿ ಕೂಡಿಸಿ, ಎಲೆ ಹಾಕಿಸಿ, ನೀರು ಚಿಮುಕಿಸಿ, ಚಪ್ಪರದ ನಡುವೆ ನಿಂತು ಮಗನಿಗೆ ಕೂಗಿ ಹೇಳಿದರು: "ಲೇ ಯಪ್ಪಾ, ಹೊತ್ತಾತು! ಎಲ್ಲಾ ಬಿಟ್ಟು ಮೊದಲು ಬೀಗರಿಗೆ ಹಾಕು, ಹಸದಾರ!"

ನನ್ನ ಗಂಡ ಬೆಳಗಿನಿಂದ ಓಡಾಡಿ ಸೋತಿದ್ದರು. ತಾಯಿಯ ದನಿ ಕೇಳಿದ್ದೇ ತಡ, ಕಾಲು ತಾವಾಗಿ ಎದ್ದವು. ಗೋದಿ ಹುಗ್ಗಿಯ ಪಾತ್ರೆಯನ್ನು ದಾಟಿ, ಅನ್ನದ ಬುಟ್ಟಿಯನ್ನು ದಾಟಿ, ಹಿತ್ತಲಿಗೆ ಹೋಗಿ ತೌಡಿನ ಬಕೀಟು ಎತ್ತಿಕೊಂಡು ಶೆಡ್ಡಿಗೆ ಓಡಿದರು. ಬಡಿಸುವವರು ಯಜಮಾನನ ಕೈಯಿಂದ ಮೊದಲು ಹುಗ್ಗಿ ಬೀಳಲಿ ಎಂದು ಸೌಟು ಹಿಡಿದು ನಿಂತರು. ಬೀಗರು ಖಾಲಿ ಎಲೆಯ ಮುಂದೆ ಕೂತರು. ಹೊತ್ತು ಹೋಯಿತು. ಹುಡುಗನ ಚಿಕ್ಕಪ್ಪ ಒಬ್ಬರು ಗಂಟಲು ಕೆರೆದು ಮೀಸೆಗೆ ಕೈ ಹಾಕಿದರು. ಮದುಮಗಳ ಮುಖ ಬಾಡಿತು.

ಅಷ್ಟರಲ್ಲಿ ನನ್ನ ಗಂಡ ಪಂಚೆಗೆ ಕೈ ಒರೆಸಿಕೊಳ್ಳುತ್ತ, ಕೆಲಸ ಮುಗಿಸಿದ ಸಮಾಧಾನದಲ್ಲಿ ಬಂದರು. ಅತ್ತೆ ಹೌಹಾರಿ, "ಬೀಗರಿಗೆ ಹಾಕಿದ್ಯೋ ಇಲ್ಲೋ?" ಎಂದರು.

"ಹಾಕಿದ್ನಲ್ಲವ್ವಾ! ತೊಟ್ಟಿ ನೆಕ್ಕಿ ಸ್ವಚ್ಛ ಮಾಡಿ ಮಲಗ್ಯಾರ."

ಮೀಸೆಯ ಚಿಕ್ಕಪ್ಪ ಎಲೆ ಬಿಟ್ಟು ಏಳಲು ಮೊಣಕಾಲ ಮೇಲೆ ಕೈಯೂರಿದರು. ಹುಡುಗನ ತಾಯಿ ಅವರ ಅಂಗಿ ಹಿಡಿದು ಕೆಳಗೆ ಕೂಡಿಸಿದರು. ಅಂದು ಹೆಣ್ಣು ನೋಡಲು ಬಂದಾಗ ನಗದ ಆ ಹೆಂಗಸು ಈಗ ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕು, ನಮ್ಮತ್ತೆಯ ಕಡೆ ಎಲೆ ಸರಿಸಿ ಹೇಳಿದರು:

"ಛಲೋ ಆತ್ರಿ. ಬೀಗರು ಉಂಡು ಮಲಗ್ಯಾರಂತ. ಇನ್ನ ಹಂದಿಗೂ ಒಂದೀಟು ಹುಗ್ಗಿ ನೀಡಸ್ರಿ!"